ಹುಡುಗರ ಕಪ್‌ನಲ್ಲಿ ನಾನು ಸೋತ ಬಾಜಿ

"ದೊಡ್ಡ ತಂಡ ಇರುವಾಗ ಯೂತ್ ಟೀಮ್ ಆಟ ಯಾಕೆ ನೋಡಬೇಕು? ಒಂದು ಕಪ್ಪನ್ನು ಶುರುವಿನಿಂದ ಕೊನೆತನಕ ಫಾಲೋ ಮಾಡಿದವರು ಇದ್ದೀರಾ?" ಅಂತ ಕೇಳಿದ್ದೀರಿ.

ಇದ್ದೇನೆ. 2021-22ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಹುಡುಗರು ಎಫ್‌ಎ ಯೂತ್ ಕಪ್, ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ 18ರೊಳಗಿನ ಹುಡುಗರ ಕಪ್, ಗೆದ್ದರಲ್ಲ, ಅದನ್ನು ಸುಂಟಿಕೊಪ್ಪದಲ್ಲಿ ಕೂತು ನೋಡಿದ್ದೇನೆ. ಜೊತೆಗೆ ಟೈರ್ ಅಂಗಡಿಯ ಗೆಳೆಯನೊಬ್ಬ. ಊರಲ್ಲಿ ಬೇರೆ ಯಾರಿಗೂ ಇದರ ಸುದ್ದಿಯೇ ಇರಲಿಲ್ಲ ಅನ್ನಿಸುತ್ತದೆ.

ಕೊಡಗು ಅಂದರೆ ಹಾಕಿ ಅನ್ನುತ್ತಾರೆ. ಸುಂಟಿಕೊಪ್ಪಕ್ಕೆ ಬಂದು ಆ ಮಾತು ಹೇಳಬೇಡಿ. ಇಲ್ಲಿ ಗೋಲ್ಡ್ ಕಪ್ ಫುಟ್‌ಬಾಲ್ ನಡೆಯುವಾಗ ಸಂಜೆ ಅಂಗಡಿಗಳಲ್ಲಿ ವ್ಯಾಪಾರವೇ ಇರುವುದಿಲ್ಲ. ಹಾಗಾಗಿ ಫುಟ್‌ಬಾಲ್ ಹುಚ್ಚು ನಮಗೆ ಹೊಸದಲ್ಲ. ಹುಡುಗರ ಕಡೆ ತಿರುಗಿದ್ದಕ್ಕೆ ಕಾರಣ ಮಾತ್ರ ಬೇಸರ. ಆ ವರ್ಷ ಯುನೈಟೆಡ್‌ನ ದೊಡ್ಡವರ ಆಟ ನೋಡಿದರೆ ತಿಂದ ಅನ್ನ ಜೀರ್ಣ ಆಗುತ್ತಿರಲಿಲ್ಲ. ಲೀಗ್‌ನಲ್ಲಿ ಕೊನೆಗೆ ಸಿಕ್ಕಿದ್ದು 58 ಪಾಯಿಂಟ್, ಆರನೇ ಸ್ಥಾನ. ರೊನಾಲ್ಡೊ ಇದ್ದೂ ಹೀಗೆ. ಸುಮ್ನೆ ಸಿಟ್ಟು ಮಾಡಿಕೊಳ್ಳುವ ಬದಲು ಕ್ಲಬ್‌ನದೇ ಚಾನೆಲ್ ಎಂಯುಟಿವಿಯಲ್ಲಿ ಹುಡುಗರ ಆಟ ನೋಡತೊಡಗಿದೆವು.

ಯೂತ್ ಕಪ್‌ನ ಲೆಕ್ಕ ಸುಲಭ. ಸೋತರೆ ಮನೆಗೆ, ಅಷ್ಟೇ. ಪ್ರೀಮಿಯರ್ ಲೀಗ್ ಕ್ಲಬ್‌ಗಳು ಮೂರನೇ ಸುತ್ತಿನಿಂದ ಸೇರಿಕೊಳ್ಳುತ್ತವೆ. 1952-53ರಲ್ಲಿ ಶುರುವಾದ ಕಪ್ ಇದು. ಮೊದಲ ಐದು ವರ್ಷ ಯುನೈಟೆಡ್ಡೇ ಗೆದ್ದಿತ್ತು, ಆಗಿನ ಹೆಸರಾಂತ ಆಟಗಾರ ಡಂಕನ್ ಎಡ್ವರ್ಡ್ಸ್ ಕಾಲ. ಬೆಕ್‌ಹ್ಯಾಮ್, ಗಿಗ್ಸ್ ಗೆದ್ದದ್ದು 1992ರಲ್ಲಿ.

ದೊಡ್ಡವರ ಆಟದಲ್ಲಿ ಯಾರು ಒಳ್ಳೆಯವನು ಅಂತ ಟಿವಿಯವರೇ ಹೇಳಿಬಿಡುತ್ತಾರೆ. ಇಲ್ಲಿ ಹೇಳುವವರೇ ಇಲ್ಲ, ನಿಮ್ಮ ಕಣ್ಣೇ ಗತಿ. ಮುಂದಿನ ಸಾಲಿನ ಗರ್ನಾಚೊ ವಿಷಯ ಬಿಡಿ, ಎವರ್ಟನ್ ತಂಡದ ಮೇಲೆ ತನ್ನ ಅರ್ಧದಿಂದಲೇ ಚೆಂಡು ಎಳೆದುಕೊಂಡು ಓಡಿ ಗೋಲು ಹೊಡೆದವನನ್ನು ಕುರುಡನೂ ಗುರುತಿಸುತ್ತಾನೆ. ಉಳಿದವರಲ್ಲಿ ಯಾರು? ನಾನು ಸೆಂಟರ್ ಬ್ಯಾಕ್, ಅಂದರೆ ಹಿಂದಿನ ಸಾಲಿನ ನಡುವೆ ನಿಲ್ಲುವ ರೀಸ್ ಬೆನೆಟ್ ಅಂದೆ. ಗೆಳೆಯ ಮಿಡ್‌ಫೀಲ್ಡ್‌ನ ಕೋಬಿ ಮೈನೂ ಅಂದ. ನನಗೆ ನಗು ಬಂತು. ಆ ಹುಡುಗನಿಗೆ ಅವಸರ ಅನ್ನುವುದೇ ಇರಲಿಲ್ಲ. ಇಬ್ಬರು ಮೈಮೇಲೆ ಬೀಳುತ್ತಿದ್ದರೂ, ಸಂತೆಯಲ್ಲಿ ತರಕಾರಿ ಆರಿಸುವವನ ಹಾಗೆ ಚೆಂಡನ್ನು ಕಾಲಡಿ ಇಟ್ಟುಕೊಂಡು ಆಚೀಚೆ ನೋಡುತ್ತಿದ್ದ. "ನಮ್ಮ ಮೈದಾನದಲ್ಲಿ ಹೀಗೆ ಆಡಿದರೆ ಕಾಲೇ ಉಳಿಯಲ್ಲ ಮಾರಾಯ" ಅಂದೆ. ಬಾಜಿ ಕಟ್ಟಿದೆವು, ಪರೋಟಾ ಮತ್ತು ಚಿಕನ್ ಕರಿ, ಹೊಟ್ಟೆ ತುಂಬುವಷ್ಟು. ಇವರಿಬ್ಬರಲ್ಲಿ ಯಾರು ದೊಡ್ಡ ತಂಡಕ್ಕೆ ಮೊದಲು ಗೋಲು ಹೊಡೆಯುತ್ತಾನೋ, ಅವನ ಕಡೆಯವನಿಗೆ ಊಟ.

ಸೆಮಿಫೈನಲ್‌ನಲ್ಲಿ ವುಲ್ವ್ಸ್ ತಂಡದ ಮೇಲೆ 3-0. ಅದರಲ್ಲಿ ಹೇಳುವಂಥದ್ದೇನೂ ಇಲ್ಲ, ಆರಾಮಾಗಿ ಗೆದ್ದರು.

ಫೈನಲ್ 2022ರ ಮೇ 11ಕ್ಕೆ, ಓಲ್ಡ್ ಟ್ರಾಫರ್ಡ್‌ನಲ್ಲಿ, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು. ಹುಡುಗರ ಆಟಕ್ಕೆ 67,492 ಜನ! ಯೂತ್ ಕಪ್‌ನಲ್ಲಿ ಅದೇ ದಾಖಲೆ. ಇಲ್ಲಿ ಊರೆಲ್ಲ ಮಲಗಿತ್ತು. ಕೊಡಗಿನ ಮೇ ತಿಂಗಳು ಹೇಗೆ ಅಂತ ಗೊತ್ತಲ್ವಾ, ನಾಲ್ಕು ಹನಿ ಬಿದ್ದರೆ ಕರೆಂಟ್ ಹೋಗುತ್ತದೆ. ಬೆನೆಟ್ ತಲೆಯಿಂದ ಮೊದಲ ಗೋಲು ಹೊಡೆದಾಗ ಕರೆಂಟ್ ಇತ್ತು, ಗೆಳೆಯನಿಗೆ ಫೋನ್ ಮಾಡಿ ಆಡಿಕೊಂಡೆ. ಫಾರೆಸ್ಟ್ ಸಮ ಮಾಡಿತು. ಆಮೇಲೆ ಎಲ್ಲೋ ಮರ ಬಿತ್ತು, ವೈಫೈ ಸತ್ತಿತು. ನಮ್ಮ ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ, ಅಲ್ಲೇ ಹೆಂಚಿನ ನೀರು ಬೀಳುವುದು. ಕೊಡೆ ಹಿಡಿದು ನಿಂತೆ. ಪೆನಾಲ್ಟಿಗೆ ಗರ್ನಾಚೊ ಚೆಂಡು ಇಟ್ಟ, ಪರದೆ ಮೇಲೆ ಚಕ್ರ ತಿರುಗತೊಡಗಿತು. ಅಷ್ಟರಲ್ಲಿ ಗೆಳೆಯನ ಮೆಸೇಜು, "ಗೋಲ್". ಅವನ ಮನೆಯಲ್ಲಿ ಯುಪಿಎಸ್ ಇದೆ. ಅಪ್ಪ ಒಳಗಿಂದ "ಯಾರೋ ಅದು ಹೊರಗೆ?" ಅಂತ ಟಾರ್ಚ್ ಬಿಟ್ಟರು. ಫೋನ್ ತೋರಿಸಿದೆ. "ಈ ಮೀಸೆ ಬಾರದವರಿಗೋಸ್ಕರ ನೆನೀತಿದ್ದೀಯಾ?" ಅಂದರು, ಆದರೆ ಒಳಗೆ ಹೋಗಲಿಲ್ಲ. ಕೊನೆ ಗಳಿಗೆಯಲ್ಲಿ ಗರ್ನಾಚೊ ಇನ್ನೊಂದು ಹೊಡೆದದ್ದನ್ನು ಇಬ್ಬರೂ ಒಂದೇ ಕೊಡೆಯಡಿ ನೋಡಿದೆವು. 3-1. ಯುನೈಟೆಡ್‌ಗೆ ಅದು 11ನೇ ಯೂತ್ ಕಪ್.

ನೀವೂ ನೋಡುವುದಾದರೆ ಡಿಸೆಂಬರ್ ಹೊತ್ತಿಗೆ ಶುರು ಮಾಡಿ, ಮತ್ತು ಫೈನಲ್‌ಗೆ ಮೊದಲೇ ಒಬ್ಬ ಹುಡುಗನನ್ನು ಆರಿಸಿಕೊಳ್ಳಿ. ಆಮೇಲೆ ಆರಿಸಿದರೆ ಮಜಾ ಇಲ್ಲ. ಇಂಗ್ಲೆಂಡಿನವರೇ ಆಗಬೇಕೆಂದೇನೂ ಇಲ್ಲ. ಬೆಂಗಳೂರು ಎಫ್‌ಸಿಯ ಹುಡುಗರು ಅದೇ 2022ರಲ್ಲಿ ನಮ್ಮ ದೇಶದ ಯುವ ತಂಡಗಳ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಚಾಂಪಿಯನ್ ಆದರು. ಅದನ್ನು ನೋಡದೆ ಬಿಟ್ಟೆನಲ್ಲ ಅಂತ ಈಗ ಹೊಟ್ಟೆ ಉರಿಯುತ್ತದೆ.

ಬೆನೆಟ್ ಕೊನೆಗೆ ಯುನೈಟೆಡ್ ಬಿಟ್ಟು ಫ್ಲೀಟ್‌ವುಡ್ ಟೌನ್ ಸೇರಿದ. ಆದರೆ ನನ್ನ ಬಾಜಿ ಅದಕ್ಕೂ ಮೊದಲೇ ಮುಳುಗಿತ್ತು. 2024ರ ಮೇ 25ರ ಎಫ್‌ಎ ಕಪ್, ಅಂದರೆ ದೊಡ್ಡವರ ಕಪ್ಪಿನ ಫೈನಲ್ ಹೊತ್ತಿಗೆ ಮೈನೂ ಆಗಲೇ ದೊಡ್ಡವರ ಜೊತೆ ಗೋಲು ಹೊಡೆದಿದ್ದ, ನಾನು ಮಾತ್ರ "ಫೈನಲ್ ಆಗಲಿ, ಕೊಡಿಸ್ತೀನಿ" ಅಂತ ದಿನ ತಳ್ಳುತ್ತಿದ್ದೆ. ಟೈರ್ ಅಂಗಡಿಯಲ್ಲೇ ಕೂತು ನೋಡಿದೆವು. ಮ್ಯಾಂಚೆಸ್ಟರ್ ಸಿಟಿ ಮೇಲೆ ಮೊದಲು ಗರ್ನಾಚೊ, ಒಂಬತ್ತು ನಿಮಿಷದ ನಂತರ ಮೈನೂ. ಅದೇ ಆರಾಮು, ಅದೇ ಅವಸರವಿಲ್ಲದ ಕಾಲು. 2-1ಕ್ಕೆ ಕಪ್ ಬಂತು. ಗೆಳೆಯ ನನ್ನನ್ನು ಆಡಿಕೊಳ್ಳಲೂ ಇಲ್ಲ. ಶಟರ್ ಎಳೆದು, ಕೈಗೆ ಹತ್ತಿದ ಗ್ರೀಸ್ ಒರೆಸಿಕೊಂಡು, "ಹೋಟೆಲ್ ಹತ್ತಕ್ಕೆ ಮುಚ್ಚುತ್ತೆ" ಅಂದ. ಆರು ಪರೋಟಾ ತಿಂದ, ಪಾಪಿ.