ಮೂವತ್ತೊಂದು ಅರ್ಜಿ, ಮೂರು ಸಂದರ್ಶನ

ಓದುಗರ ಪತ್ರ: ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿದು ಎರಡು ವರ್ಷವಾಯಿತು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 31 ಕಡೆ ಅರ್ಜಿ ಹಾಕಿದೆ. 3 ಕಡೆ ಮಾತ್ರ ಸಂದರ್ಶನಕ್ಕೆ ಕರೆದರು, ಒಂದೂ ಕೈಗೂಡಲಿಲ್ಲ. ಈಗ ತಾತ್ಕಾಲಿಕ ಉಪನ್ಯಾಸಕಿಯಾಗಿ ವಾರಕ್ಕೆ 18 ಗಂಟೆ ಪಾಠ ಮಾಡುತ್ತಿದ್ದೇನೆ. ಪ್ರಕಟವಾದ ಸಂಶೋಧನಾ ಲೇಖನಗಳು (ಪೇಪರ್) ಸಾಲದಾಯಿತೇನೋ ಎಂಬ ಅನುಮಾನ. ಹಣ ಕಟ್ಟಿದರೆ ಎರಡು ವಾರದಲ್ಲಿ ಪ್ರಕಟಿಸುತ್ತೇವೆಂದು ಒಂದು ಜರ್ನಲ್‌ನಿಂದ ಇಮೇಲ್ ಬಂದಿದೆ. ಕಳಿಸಲೇ? ಕೊನೆಯ ಅರ್ಜಿಯ ಪ್ರತಿ ಲಗತ್ತಿಸಿದ್ದೇನೆ. ಸಂದರ್ಶನದಲ್ಲಿ ಪಾಠ ಮಾಡಿ ತೋರಿಸುವ 20 ನಿಮಿಷದ ಡೆಮೊ ಕ್ಲಾಸಿಗೆ 34 ಸ್ಲೈಡ್ ಒಯ್ದಿದ್ದೆ.

ಸಂಪಾದಕರ ಉತ್ತರ:

ಕಳಿಸಬೇಡಿ. ಕಾರಣ ಮುಂದೆ ಹೇಳುತ್ತೇವೆ; ಮೊದಲು ಅರ್ಜಿಯ ವಿಚಾರ. ಒಂದು ಹುದ್ದೆಗೆ ನೂರಾರು ಜನ ಮುಗಿಬೀಳುವಾಗ ಒಳ್ಳೆಯ ಅರ್ಜಿಯೂ ಬಿದ್ದುಹೋಗುತ್ತದೆ, ನಿಜ. ಆದರೂ 28 ಕಡೆ ನಿಮ್ಮ ಮುಖ ನೋಡುವ ಮೊದಲೇ ಅದು ಪಕ್ಕಕ್ಕೆ ಸರಿದಿದೆ ಎಂದರೆ ತೊಡಕು ಕಾಗದದಲ್ಲೇ ಇದೆ. ನಿಮ್ಮ ಪ್ರತಿಯನ್ನು ಪೂರ್ತಿ ಓದಿದೆವು. ಸರಕು ಚೆನ್ನಾಗಿಯೇ ಇದೆ, ಆದರೆ ಅದು ನಾಲ್ಕನೇ ಪುಟದ ಅಡಿಯಲ್ಲಿ ಕೂತಿದೆ.

ಆಯ್ಕೆ ಸಮಿತಿಯವರು ಸಾಮಾನ್ಯವಾಗಿ ಜಾಹೀರಾತಿನ ಅರ್ಹತೆಗಳನ್ನೇ ಮುಂದಿಟ್ಟುಕೊಂಡು ಅರ್ಜಿ ಓದುತ್ತಾರೆ. ಒಂದೊಂದು ಅರ್ಹತೆಗೂ ಪುರಾವೆ ಹುಡುಕುತ್ತಾರೆ. ಕಣ್ಣಿಗೆ ಬೀಳದಿದ್ದರೆ ಆ ಸಾಲಿಗೆ ಅಂಕವಿಲ್ಲ. ‘ಪಿಎಚ್‌ಡಿ ಮಾಡಿದವರಿಗೆ ಇಷ್ಟಾದರೂ ಬಂದೇ ಬರುತ್ತದೆ’ ಎಂದು ಅವರೇ ಊಹಿಸಿಕೊಳ್ಳುವಂತಿಲ್ಲ. ಹಾಗಾಗಿ ಮುಂದಿನ ಜಾಹೀರಾತು ಬಂದಾಗ ಅದನ್ನು ಮುದ್ರಿಸಿಕೊಂಡು, ‘ಕಡ್ಡಾಯ’ ಮತ್ತು ‘ಅಪೇಕ್ಷಣೀಯ’ ಎಂದಿರುವುದನ್ನೆಲ್ಲ ಒಂದು ಹಾಳೆಯ ಎಡಕ್ಕೆ ಬರೆಯಿರಿ. ಬಲಕ್ಕೆ ನಿಮ್ಮ ಪುರಾವೆ. ಕಡ್ಡಾಯದ ಎದುರು ಒಂದು ಸಾಲು ಖಾಲಿ ಉಳಿದರೂ ಆ ಅರ್ಜಿಯ ಮೇಲೆ ಶ್ರಮ ಹಾಕಬೇಡಿ. ಎಲ್ಲ ತುಂಬಿದರೆ ಅದೇ ಕ್ರಮದಲ್ಲಿ ಎರಡು ಪುಟದೊಳಗೆ ಪತ್ರ ಬರೆಯಿರಿ. ಒಂದೇ ಪತ್ರದಲ್ಲಿ ಸಂಸ್ಥೆಯ ಹೆಸರಷ್ಟೇ ಬದಲಿಸಿ 31 ಕಡೆ ಕಳಿಸುವುದಕ್ಕಿಂತ, ಹೀಗೆ ಕೂತು ಬರೆದ 8 ಅರ್ಜಿಗಳ ಮೇಲೆ ನಮಗೆ ಹೆಚ್ಚು ಭರವಸೆ.

ನಿಮ್ಮ ಅರ್ಜಿಯ ಜೊತೆಗಿನ ಪತ್ರದ ಎರಡನೇ ಪ್ಯಾರಾ ನೋಡಿ: ‘ಬೋಧನೆಯಲ್ಲಿ ಅಪಾರ ಆಸಕ್ತಿಯಿದ್ದು, ಉತ್ತಮ ಸಂವಹನ ಕೌಶಲ ಹೊಂದಿದ್ದೇನೆ.’ ಈ ಸಾಲು ಯಾರ ಅರ್ಜಿಯಲ್ಲಾದರೂ ಇರಬಹುದು. ನಾಲ್ಕನೇ ಪುಟದಲ್ಲಿ ‘ಇತರೆ’ ಎಂಬ ಶೀರ್ಷಿಕೆಯಡಿ ನೀವೇ ಕೊಟ್ಟ ವಿವರದಿಂದ ಅದನ್ನು ಹೀಗೆ ತಿದ್ದಬಹುದು: ‘ಪದವಿಯ ಮೊದಲ ವರ್ಷದ 64 ವಿದ್ಯಾರ್ಥಿಗಳಿಗೆ ಎರಡು ಸೆಮಿಸ್ಟರ್ ಸಸ್ಯ ಅಂಗರಚನೆಯ ಪ್ರಾಯೋಗಿಕ ತರಗತಿ ನಡೆಸಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬಿಟ್ಟು ಪುಸ್ತಕದ ಚಿತ್ರವನ್ನೇ ನಕಲು ಮಾಡುತ್ತಿದ್ದರು. ಆಗ ಹೆಸರಿಲ್ಲದ ಸ್ಲೈಡ್ ಕೊಟ್ಟು, ಮೊದಲು ಚಿತ್ರ ಬಿಡಿಸಿ ಆಮೇಲೆ ಕಾಂಡವೋ ಬೇರೋ ಎಂದು ಕಾರಣಸಹಿತ ಗುರುತಿಸುವ ಕ್ರಮ ತಂದೆ.’ ಇದನ್ನು ಓದಿದವರಿಗೆ ತರಗತಿಯಲ್ಲಿ ನಿಂತ ನೀವೇ ಕಾಣುತ್ತೀರಿ. ಇಂಥದ್ದನ್ನು ‘ಇತರೆ’ಗೆ ತಳ್ಳಿದ್ದೀರಲ್ಲ ಎಂದು ನಮಗೆ ನಿಜಕ್ಕೂ ಸಂಕಟವಾಯಿತು.

ಈಗ ಆ ಜರ್ನಲ್. ಒಳ್ಳೆಯ ಜರ್ನಲ್‌ನಲ್ಲಿ ಅದರ ಸಂಪಾದಕರು ಲೇಖನ ಪರಿಶೀಲಿಸುವ ತಜ್ಞರನ್ನು ಹುಡುಕಿ, ಅವರು ಒಪ್ಪಿ, ಓದಿ, ತಿದ್ದುಪಡಿ ಕೇಳಿ, ನೀವು ತಿದ್ದಿ ಕಳಿಸಿ, ಮತ್ತೆ ಅವರು ನೋಡುವಷ್ಟರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಎರಡೇ ವಾರದಲ್ಲಿ ಪ್ರಕಟಣೆ ಖಚಿತ ಎಂದು ಮೊದಲೇ ಮಾತು ಕೊಡುವವರು ಸರಿಯಾದ ಪರಿಶೀಲನೆ ಮಾಡುತ್ತಾರೆಂದು ನಂಬಲಾಗದು. ಶುಲ್ಕ ಕೇಳಿದ ಮಾತ್ರಕ್ಕೆ ಜರ್ನಲ್ ಮೋಸದ್ದಲ್ಲ. ಮುಕ್ತವಾಗಿ ಓದಲು ಸಿಗುವ ಒಳ್ಳೆಯ ಜರ್ನಲ್‌ಗಳಲ್ಲೂ ಅನೇಕವು ಶುಲ್ಕ ಪಡೆಯುತ್ತವೆ. ಡಿಓಐ ಸಂಖ್ಯೆ ಇದ್ದ ಮಾತ್ರಕ್ಕೆ ಒಳ್ಳೆಯದೂ ಅಲ್ಲ, ಅದು ಲೇಖನದ ಗುರುತಿನ ಸಂಖ್ಯೆ ಅಷ್ಟೆ. ಮುಕ್ತ ಜರ್ನಲ್ ಆಗಿದ್ದರೆ ಇಂಥ ಜರ್ನಲ್‌ಗಳನ್ನು ಪಟ್ಟಿಮಾಡುವ, 2003ರಿಂದ ನಡೆಯುತ್ತಿರುವ ಡಿಓಎಜೆ ಎಂಬ ಜಾಲತಾಣದಲ್ಲಿ ಹೆಸರಿದೆಯೇ ನೋಡಿ. ಸಂಪಾದಕ ಮಂಡಳಿಯ ಮೂವರ ಸ್ವಂತ ಪುಟಗಳನ್ನು ತೆರೆದು, ಅವರು ಈ ಹೊಣೆಯನ್ನು ಹೇಳಿಕೊಂಡಿದ್ದಾರೆಯೇ ಪರೀಕ್ಷಿಸಿ. ಒಮ್ಮೆ ಅಲ್ಲಿ ಅಚ್ಚಾದರೆ ಅದೇ ದತ್ತಾಂಶವನ್ನು ಒಳ್ಳೆಯ ಜರ್ನಲ್‌ಗೆ ಕೊಡುವ ದಾರಿ ಮುಚ್ಚುತ್ತದೆ, ಸಮಿತಿಯಲ್ಲಿ ಬಲ್ಲವರೊಬ್ಬರಿದ್ದರೆ ನಿಮ್ಮ ಉಳಿದ ಪೇಪರ್‌ಗಳ ಮೇಲೂ ಅನುಮಾನ ಬೀಳುತ್ತದೆ.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಇತರರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂಬ ಅಳತೆ) ನೋಡಿ ಒಬ್ಬರ ಕೆಲಸ ಅಳೆಯಬಾರದೆಂದು, ಸಂಶೋಧನೆಯ ಮೌಲ್ಯಮಾಪನ ಕುರಿತು 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳುತ್ತದೆ. ಎಲ್ಲ ಸಂಸ್ಥೆಗಳೂ ಹಾಗೆ ನಡೆದುಕೊಳ್ಳುವುದಿಲ್ಲ. ಏನೇ ಇರಲಿ, ಐವರು ಲೇಖಕರ ಪೇಪರ್‌ನಲ್ಲಿ ನಿಮ್ಮ ಪಾಲು ಯಾವುದು ಎಂದು ಒಂದು ಸಾಲಿನಲ್ಲಿ ಬರೆಯಿರಿ: ಪ್ರಯೋಗದ ವಿನ್ಯಾಸವೋ, ವಿಶ್ಲೇಷಣೆಯೋ, ಮೊದಲ ಕರಡೋ. ನಿಮ್ಮ ಇನಿಷಿಯಲ್ ಒಂದು ಪೇಪರ್‌ನಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದೆ; ಇಬ್ಬರು ಬೇರೆ ಬೇರೆ ಲೇಖಕರೆಂದು ತೋರಬಹುದು. ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ಓರ್ಕಿಡ್ (ORCID) ಎಂಬ ಸಂಸ್ಥೆಯಲ್ಲಿ ಉಚಿತವಾಗಿ ಸಿಗುವ 16 ಅಂಕಿಯ ಗುರುತು ಮಾಡಿಸಿ ಎಲ್ಲವನ್ನೂ ಅದಕ್ಕೆ ಜೋಡಿಸಿ.

ಸಂದರ್ಶನ ಮೂರೇ ಆದದ್ದರಿಂದ ಅದರ ಬಗ್ಗೆ ಗಟ್ಟಿಯಾಗಿ ಏನೂ ಹೇಳಲಾಗದು. ಆದರೆ 20 ನಿಮಿಷದ ಡೆಮೊ ಕ್ಲಾಸಿಗೆ 34 ಸ್ಲೈಡ್ ಒಯ್ದದ್ದಾಗಿ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. 6 ಸಾಕು. ಒಂದೇ ಪರಿಕಲ್ಪನೆ ಆರಿಸಿಕೊಳ್ಳಿ, ಮೊದಲ ಎರಡು ನಿಮಿಷದೊಳಗೆ ಎದುರಿಗಿರುವವರಿಗೆ ಒಂದು ಪ್ರಶ್ನೆ ಹಾಕಿ, ಅವರ ಉತ್ತರವನ್ನು ಬೋರ್ಡ್ ಮೇಲೆ ಬರೆದು ಅಲ್ಲಿಂದ ಪಾಠ ಎತ್ತಿಕೊಳ್ಳಿ. ಥೀಸಿಸ್ ವಿಷಯವನ್ನೇ ಪಾಠ ಮಾಡಬೇಡಿ. ಪದವಿ ವಿದ್ಯಾರ್ಥಿಗೆ ಅರ್ಥವಾಗುತ್ತದೆಯೇ ಎಂದು ಮುಖ್ಯವಾಗಿ ಅಲ್ಲಿ ನೋಡುತ್ತಾರೆ.

18 ಗಂಟೆ ಪಾಠ ಹಗುರವಲ್ಲ, ತಯಾರಿ ಮತ್ತು ಮೌಲ್ಯಮಾಪನ ಸೇರಿದರೆ ವಾರವೇ ಮುಗಿದುಹೋಗುತ್ತದೆ. ಮುಂದಿನ ಸೆಮಿಸ್ಟರ್‌ಗೂ ಇದೇ ವಿಷಯಗಳನ್ನು ಕೊಡಿ ಎಂದು ವಿಭಾಗದ ಮುಖ್ಯಸ್ಥರನ್ನು ಈಗಲೇ ಕೇಳಿ. ಹೊಸ ಟಿಪ್ಪಣಿ ಮಾಡುವ ಹೊರೆ ತಪ್ಪುತ್ತದೆ. ಉಳಿದ ಹೊತ್ತಿನಲ್ಲಿ ವಾರಕ್ಕೆ ಎರಡು ಸಲ, ತಲಾ 90 ನಿಮಿಷ, ಥೀಸಿಸ್‌ನ ಮೂರನೇ ಅಧ್ಯಾಯವನ್ನು ಪೇಪರ್ ಮಾಡಲು ಮೀಸಲಿಡಿ. ಅದು ನಿಮ್ಮ ಅತ್ಯುತ್ತಮ ಕೆಲಸ, ಇನ್ನೂ ಅಚ್ಚಾಗಿಲ್ಲ. ಒಪ್ಪಂದದಲ್ಲಿ ಪರೀಕ್ಷಾ ಕೆಲಸಕ್ಕೂ ರಜೆಯ ತಿಂಗಳಿಗೂ ಸಂಬಳವಿದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಶಿಫಾರಸಿಗೆ ಗೈಡ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳ ಹೆಸರು ಕೊಟ್ಟಿದ್ದೀರಿ. ಮೂವರೂ ನಿಮ್ಮ ಸಂಶೋಧನೆ ಬಲ್ಲವರು, ಪಾಠ ಕೇಳಿದವರು ಒಬ್ಬರೂ ಇಲ್ಲ. ಈಗಿನ ಮುಖ್ಯಸ್ಥರನ್ನು ಒಂದು ದಿನ ನಿಮ್ಮ ಪ್ರಾಯೋಗಿಕ ತರಗತಿಗೆ ಕರೆಯಿರಿ. ಅರ್ಜಿಯ ಗಡುವಿಗೆ ಮೂರು ವಾರ ಇರುವಾಗ ಜಾಹೀರಾತು, ಸಿ.ವಿ. ಮತ್ತು ಆ ಹೆಸರಿಲ್ಲದ ಸ್ಲೈಡ್‌ಗಳ ವಿಚಾರ ಬರೆದ ಒಂದು ಪುಟವನ್ನು ಅವರ ಕೈಗೆ ಕೊಡಿ.