ತೋಟ ಕಾಯಲು ಬಂದವನು

ಓದುಗರೊಬ್ಬರ ಪತ್ರ: "ಬೈಬಲ್ಲಿನ ಆದಿಕಾಂಡದ ಮೊದಲ 11 ಅಧ್ಯಾಯಗಳನ್ನು ಎರಡು ಸಲ ಓದಿದೆ. ದೇವರು ಮನುಷ್ಯನನ್ನು ಯಾಕೆ ಮಾಡಿದ ಅನ್ನೋದೇ ತಿಳಿಯಲಿಲ್ಲ. ಮಾಡಿದ, ಮರ ತೋರಿಸಿ ತಿನ್ನಬೇಡ ಅಂದ, ತಿಂದ ಮೇಲೆ ಹೊರಗೆ ಹಾಕಿದ. ಆಮೇಲೆ ಮಾಡಿದ್ದೇ ತಪ್ಪಾಯ್ತು ಅಂತ ನೀರಲ್ಲಿ ಮುಳುಗಿಸಿದ. ಎಲ್ಲ ತಿಳಿದ ದೇವರಿಗೆ ಇದು ಮೊದಲೇ ಗೊತ್ತಿರಲಿಲ್ವಾ? ಉದ್ದೇಶ ಅಂತ ಒಂದಿತ್ತಾ, ಇಲ್ವಾ?"

ಸಂಪಾದಕರ ಉತ್ತರ:

ಎರಡು ಸಲ ಓದಿ ಕೇಳಿದ್ದೀರಿ, ಸಂತೋಷ. ಈ ವಿಷಯದಲ್ಲಿ ಒಂದು ಸಲವೂ ಓದದೆ ಉತ್ತರ ಹೇಳುವವರೇ ಜಾಸ್ತಿ.

"ಇಂಥ ಕಾರಣಕ್ಕೆ ಮನುಷ್ಯನನ್ನು ಮಾಡಿದೆ" ಎಂದು ದೇವರು ಆ 11 ಅಧ್ಯಾಯಗಳಲ್ಲಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದು ಕೆಲಸವನ್ನು ಮಾತ್ರ. ನನ್ನ ಮಟ್ಟಿಗೆ ಉತ್ತರ ಆ ಕೆಲಸದಲ್ಲೇ ಇದೆ.

ಆದಿಕಾಂಡ ಬರೆದ ಇಸ್ರೇಲಿನವರ ನೆರೆಯ ಬಾಬಿಲೋನಿನವರಿಗೆ (ಈಗಿನ ಇರಾಕಿನ ಕಡೆಯವರು) ಇಂಥ ಗೊಂದಲ ಇರಲಿಲ್ಲ. ಅವರ ಅತ್ರಹಾಸಿಸ್ ಕಾವ್ಯ ಜೇಡಿಮಣ್ಣಿನ ಹಲಗೆಗಳ ಮೇಲೆ ಸಿಕ್ಕಿದೆ, ಕ್ರಿ.ಪೂ. 17ನೇ ಶತಮಾನದ ಪ್ರತಿ. ಅದರಲ್ಲಿ ಕಾರಣ ಸ್ಪಷ್ಟ. ಸಣ್ಣ ದೇವರುಗಳು ಕಾಲುವೆ ತೋಡಿ ತೋಡಿ ಸುಸ್ತಾಗುತ್ತಾರೆ. ಒಂದು ರಾತ್ರಿ ಗುದ್ದಲಿ, ಬುಟ್ಟಿಗಳಿಗೆ ಬೆಂಕಿ ಹಚ್ಚಿ ಯಜಮಾನ ಎನ್ಲಿಲ್ ಮನೆಗೆ ಮುತ್ತಿಗೆ ಹಾಕುತ್ತಾರೆ. ಮುಷ್ಕರವೇ ಅನ್ನಿ! ಕೊನೆಗೆ ಒಬ್ಬ ದೇವರನ್ನು ಕೊಂದು, ಅವನ ರಕ್ತಮಾಂಸಕ್ಕೆ ಜೇಡಿಮಣ್ಣು ಕಲಸಿ ಮನುಷ್ಯನನ್ನು ಮಾಡುತ್ತಾರೆ, ಆ ದುಡಿಮೆಯನ್ನು ಇವನ ತಲೆಗೆ ಕಟ್ಟಲು. ಮುಂದೆ ಮನುಷ್ಯರು ಜಾಸ್ತಿಯಾಗಿ, ಅವರ ಗಲಾಟೆಗೆ ಎನ್ಲಿಲ್‌ಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಜಲಪ್ರಳಯ.

ಇಸ್ರೇಲಿನ ಸುತ್ತಮುತ್ತ ಓಡಾಡುತ್ತಿದ್ದದ್ದು ಇಂಥ ಕಥೆಗಳು. ಈಗ ಆದಿಕಾಂಡಕ್ಕೆ ಬನ್ನಿ.

ಅಲ್ಲಿ ಸೃಷ್ಟಿಯ ಕಥೆ ಒಂದಲ್ಲ, ಎರಡು. ನಿಮ್ಮ ಕಣ್ಣಿಗೂ ಬಿದ್ದಿರಬೇಕು. ಮೊದಲ ಕಥೆಯಲ್ಲಿ ಗಿಡ, ಪ್ರಾಣಿ ಎಲ್ಲ ಆದ ಮೇಲೆ ಗಂಡು ಹೆಣ್ಣು ಒಟ್ಟಿಗೆ ಬರುತ್ತಾರೆ. ಎರಡನೇ ಅಧ್ಯಾಯದ 4ನೇ ವಚನದಿಂದ ಬೇರೆ ದನಿ: ಮೊದಲು ಮನುಷ್ಯ, ಆಮೇಲೆ ತೋಟ, ಪ್ರಾಣಿ, ಕೊನೆಗೆ ಹೆಣ್ಣು.

ಮೊದಲ ಕಥೆಯಲ್ಲಿ ಮನುಷ್ಯ ದೇವರ ರೂಪ, ದೇವರ ಹೋಲಿಕೆ. ಹೀಬ್ರೂ ಪದಗಳು ತ್ಸೆಲೆಮ್, ದೆಮೂತ್. ಕಣ್ಣು ಮೂಗಿನ ಹೋಲಿಕೆ ಅಂದುಕೊಳ್ಳಬೇಡಿ. 1979ರಲ್ಲಿ ಸಿರಿಯಾದ ತೆಲ್ ಫೆಖೆರಿಯೆಯಲ್ಲಿ ಒಬ್ಬ ಅರಸನ ಕಲ್ಲಿನ ಪ್ರತಿಮೆ ಸಿಕ್ಕಿತು, ಕ್ರಿ.ಪೂ. 9ನೇ ಶತಮಾನದ್ದು. ಅದರ ಮೇಲಿನ ಅರಾಮಿಕ್ ಬರಹ ಆ ಪ್ರತಿಮೆಗೆ ಬಳಸುವುದು ಇದೇ ಜೋಡಿ ಪದಗಳ ಅರಾಮಿಕ್ ರೂಪವನ್ನು. ಅರಸ ಎದುರಿಗಿಲ್ಲದಿದ್ದರೂ ಅವನ ಪರವಾಗಿ ನಿಲ್ಲುವುದು ಪ್ರತಿಮೆಯ ಕೆಲಸ. ಆದಿಕಾಂಡ ಆ ಪಟ್ಟವನ್ನು ಎಲ್ಲ ಗಂಡಿಗೂ ಹೆಣ್ಣಿಗೂ ಕೊಟ್ಟುಬಿಡುತ್ತದೆ. "ಆಳಿರಿ" ಅನ್ನುತ್ತದೆ ನಿಜ. ಆದರೆ ಮರುವಚನದಲ್ಲೇ ಊಟಕ್ಕೆ ಕೊಡುವುದು ಕಾಳು, ಹಣ್ಣು ಮಾತ್ರ. ಮಾಂಸಕ್ಕೆ ಅನುಮತಿ ಸಿಗುವುದು ಪ್ರಳಯದ ನಂತರ, ಒಂಬತ್ತನೇ ಅಧ್ಯಾಯದಲ್ಲಿ. ಪ್ರಾಣಿಗಳನ್ನು ಆಳಬಹುದು, ತಿನ್ನುವಂತಿಲ್ಲ. ವಿಚಿತ್ರ ಆಳ್ವಿಕೆ, ಅಲ್ವಾ?

ನನಗೆ ಜಾಸ್ತಿ ಹಿಡಿಸುವುದು ಎರಡನೇ ಕಥೆ. ಅದು ಶುರುವಾಗುವುದೇ ಕೊರತೆಯಿಂದ: ಮಳೆ ಬಂದಿರಲಿಲ್ಲ, ಮಣ್ಣು ಗೇಯಲು ಮನುಷ್ಯನಿರಲಿಲ್ಲ. ಹೀಬ್ರೂದಲ್ಲಿ ಮಣ್ಣು ಅಂದರೆ ಅದಾಮಾ, ಮನುಷ್ಯ ಅಂದರೆ ಆದಾಮ್. ಮಣ್ಣಿಗೆ ಆಳು ಬೇಕಿತ್ತು, ಮಣ್ಣಿಂದಲೇ ಆಳನ್ನು ಮಾಡಿದ. ಮಾಡಿ, 15ನೇ ವಚನದಲ್ಲಿ ಏದೆನ್ ತೋಟದಲ್ಲಿ ಇಡುತ್ತಾನೆ, ಎರಡು ಕೆಲಸಕ್ಕೆ. ಒಂದು ಆವದ್, ಇನ್ನೊಂದು ಶಾಮರ್.

ಆವದ್ ಅಂದರೆ ಗೇಯುವುದು, ಸೇವೆ ಮಾಡುವುದು ಎರಡೂ. ನಮ್ಮ 'ಊಳಿಗ' ಅದಕ್ಕೆ ಹತ್ತಿರ. ಶಾಮರ್ ಅಂದರೆ ಕಾಯುವುದು. ಕನ್ನಡದಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಹೊಲದಲ್ಲಿ ಅಟ್ಟಣೆ ಕಟ್ಟಿ, ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಹಂದಿ ನುಗ್ಗಿದರೆ ಡಬ್ಬ ಬಡಿಯುತ್ತಾರಲ್ಲ, ಅದೇ ಕಾಯೋದು. ಬೈಬಲ್ಲಿನ ಅರಣ್ಯಕಾಂಡದಲ್ಲಿ (ರಾಮಾಯಣದ್ದಲ್ಲ) ಲೇವಿಯರು, ಅಂದರೆ ದೇವರ ಸೇವೆಗೆ ನೇಮಕವಾದ ಕುಲದವರು, ಗುಡಿಯಾಗಿದ್ದ ದೇವರ ಗುಡಾರದಲ್ಲಿ ಮಾಡುವ ಕೆಲಸಕ್ಕೂ ಇದೇ ಜೋಡಿ ಪದ ಬಳಸಿದ್ದಾರೆ. ಅಂದರೆ ತೋಟದ ಕೆಲಸವೂ ಗುಡಿಯ ಕೆಲಸವೂ ಒಂದೇ ಮಾತಿನಲ್ಲಿ. ಬಾಬಿಲೋನಿನ ಕೂಲಿಗೂ ಇದಕ್ಕೂ ಇರುವ ದೂರ ನೋಡಿ.

ಇನ್ನು ಆ ಜೋಡಿ ಹೇಗೆ ಒಡೆಯುತ್ತದೆ ನೋಡಿ. ಹಣ್ಣು ತಿಂದ ಮೇಲೆ ಮನುಷ್ಯನನ್ನು ಹೊರಗೆ ಕಳಿಸುತ್ತಾನೆ, ಮಣ್ಣು ಗೇಯಲು. ಆವದ್ ಜೊತೆಗೇ ಹೋಯಿತು. ಶಾಮರ್? ಅದು ಮುಂದಿನ ವಚನದಲ್ಲೇ ಬೇರೆಯವರ ಪಾಲಾಗುತ್ತದೆ. ತೋಟದ ಇನ್ನೊಂದು ಮರವಾದ ಜೀವದ ಮರದ ದಾರಿಯನ್ನು "ಕಾಯಲು" ಕೆರೂಬಿಗಳನ್ನು, ಅಂದರೆ ರೆಕ್ಕೆಯ ದೇವಸೇವಕರನ್ನು, ನಿಲ್ಲಿಸುತ್ತಾನೆ. ತೋಟ ಕಾಯಬೇಕಿದ್ದವನೇ ಒಳಗೆ ಬಾರದಂತೆ ತೋಟವನ್ನು ಕಾಯುವ ಸ್ಥಿತಿ.

ನಾಲ್ಕನೇ ಅಧ್ಯಾಯದಲ್ಲಿ ಆ ಮೊದಲ ಮನುಷ್ಯನ ಮಗ ಕಾಯಿನ ಬರುತ್ತಾನೆ. ಅವನ ಪರಿಚಯವೇ ಮಣ್ಣು ಗೇಯುವವನು ಅಂತ. ತಮ್ಮನನ್ನು ಹೊಲದಲ್ಲಿ ಕೊಂದು ಬರುತ್ತಾನೆ. ತಮ್ಮ ಎಲ್ಲಿ ಎಂದು ದೇವರು ಕೇಳಿದರೆ, "ಗೊತ್ತಿಲ್ಲ, ತಮ್ಮನನ್ನು ಕಾಯುವವನು ನಾನಾ?" ಅನ್ನುತ್ತಾನೆ. ಪದ ಅದೇ, ಶಾಮರ್. ಕೊಬ್ಬಿನ ಮಾತು ಅಂದುಕೊಳ್ಳುತ್ತೇವೆ, ಆದರೆ ಅವನ ಬಾಯಿಂದ ಬಂದದ್ದು ಅಪ್ಪನ ಕಳೆದುಹೋದ ಕೆಲಸದ ಹೆಸರು. ಇನ್ನೊಂದು: ತೋಟದ ಕಥೆಯಲ್ಲಿ 'ಪಾಪ' ಎಂಬ ಪದ ಒಮ್ಮೆಯೂ ಬರುವುದಿಲ್ಲ. ಮೊದಲು ಬರುವುದು ಇಲ್ಲಿ, ಈ ಕೊಲೆಯ ಹಿಂದಿನ ವಚನದಲ್ಲಿ. (ಸೇಬೂ ಇಲ್ಲ, ಬರೀ ಹಣ್ಣು. ಹಾವನ್ನು ಸೈತಾನ ಅಂದಿಲ್ಲ. ಇವೆಲ್ಲ ಆಮೇಲೆ ಸೇರಿಕೊಂಡವು.)

ಇನ್ನು ನಿಮ್ಮ "ಮೊದಲೇ ಗೊತ್ತಿರಲಿಲ್ವಾ" ಪ್ರಶ್ನೆ. ಎಲ್ಲ ಮೊದಲೇ ತಿಳಿದ ದೇವರು ಎಂಬ ವಾದವನ್ನು ಬೆಳೆಸಿದ್ದು ನಂತರದ ಪಂಡಿತರು. ಈ ಕಥೆಯ ದೇವರು ಸಂಜೆ ತಂಗಾಳಿಯಲ್ಲಿ ತೋಟದಲ್ಲಿ ಓಡಾಡುತ್ತಾನೆ, "ಎಲ್ಲಿದ್ದೀಯ?" ಎಂದು ಕೂಗುತ್ತಾನೆ. ಆಕಾಶ ಮುಟ್ಟಲು ಜನ ಕಟ್ಟುತ್ತಿದ್ದ ಬಾಬೆಲಿನ ಗೋಪುರ ನೋಡಲು ಇಳಿದು ಬರುತ್ತಾನೆ. ಪ್ರಳಯಕ್ಕೆ ಮುಂಚೆ ಅವನ ಹೃದಯಕ್ಕೇ ನೋವಾಗುತ್ತದೆ. ನೋವಾದರೆ ಕುಂದು ಎಂದು ಇದನ್ನು ಬರೆದವರು ಅಂದುಕೊಂಡ ಹಾಗಿಲ್ಲ.

ಆ ಪ್ರಳಯದಲ್ಲೂ ಒಂದು ಸೂಕ್ಷ್ಮ ಇದೆ. 6ನೇ ಅಧ್ಯಾಯದ 5ರಿಂದ 7ನೇ ವಚನ ತೆಗೆಯಿರಿ: ಮನುಷ್ಯನ ಮನಸ್ಸಿನ ಯೋಚನೆ ಕೆಟ್ಟದ್ದು, ಅದಕ್ಕೇ ಅಳಿಸಿಹಾಕುತ್ತೇನೆ. ಈಗ 8ನೇ ಅಧ್ಯಾಯದ 21: ಮನುಷ್ಯನ ಮನಸ್ಸಿನ ಯೋಚನೆ ಚಿಕ್ಕಂದಿನಿಂದಲೇ ಕೆಟ್ಟದ್ದು, ಆದರೂ ಇನ್ನು ಮುಂದೆ ಹೀಗೆ ಹೊಡೆಯುವುದಿಲ್ಲ. ಮನುಷ್ಯ ಒಂದಿಷ್ಟೂ ಬದಲಾಗಿಲ್ಲ, ತೀರ್ಮಾನ ಉಲ್ಟಾ ಆಗಿದೆ. ಅತ್ರಹಾಸಿಸ್‌ನಲ್ಲಿ ಪ್ರಳಯದ ನಂತರ ದೇವರುಗಳು ಬಂಜೆತನ, ಶಿಶುಮರಣ ತಂದು ಜನಸಂಖ್ಯೆಗೆ ಕಡಿವಾಣ ಹಾಕುತ್ತಾರೆ. ಇಲ್ಲಿ ಪ್ರಳಯದಲ್ಲಿ ಬದುಕುಳಿದ ನೋಹನಿಗೆ ಮೊದಲಿನ ಮಾತೇ ಮತ್ತೆ: ಹೆಚ್ಚಿರಿ, ಭೂಮಿಯನ್ನು ತುಂಬಿರಿ.

ಹಾಗಾಗಿ ಉದ್ದೇಶ ಇತ್ತಾ ಅಂದರೆ, ಇತ್ತು ಅಂತಲೇ ನಾನು ಓದುತ್ತೇನೆ. ಕಾಯುವುದಕ್ಕೆ ಇಟ್ಟದ್ದು. ಯೆಹೂದ್ಯರೂ ಕ್ರೈಸ್ತರೂ ಈ ಪುಟಗಳನ್ನು ಬೇರೆ ಬೇರೆ ಥರ ಓದುತ್ತಾ ಬಂದಿದ್ದಾರೆ, ನೀವು ನನ್ನನ್ನು ಒಪ್ಪಲೇಬೇಕು ಅಂತೇನಿಲ್ಲ.

ಮೂರನೇ ಸಲ ಓದುವುದಿದ್ದರೆ ಹನ್ನೊಂದಕ್ಕೆ ನಿಲ್ಲಿಸಬೇಡಿ, 28ನೇ ಅಧ್ಯಾಯದವರೆಗೂ ಹೋಗಿ. ಅಲ್ಲಿ ಯಾಕೋಬ ಅಣ್ಣನಿಗೆ ಮೋಸ ಮಾಡಿ ಓಡಿಹೋಗುತ್ತಿದ್ದಾನೆ. ಅಣ್ಣ ಏಸಾವ ಕೊಲ್ಲುತ್ತೇನೆ ಅಂತ ಕಾದಿದ್ದಾನೆ. ದಾರಿಯಲ್ಲಿ ಹೊತ್ತು ಮುಳುಗಿ, ಯಾಕೋಬ ತಲೆಯ ಹತ್ತಿರ ಕಲ್ಲಿಟ್ಟುಕೊಂಡು ಮಲಗುತ್ತಾನೆ. ಕನಸಿನಲ್ಲಿ ದೇವರು ಬಂದು, "ನೀನು ಹೋದಲ್ಲೆಲ್ಲ ನಿನ್ನನ್ನು ಕಾಯುತ್ತೇನೆ" ಅನ್ನುತ್ತಾನೆ. ಅಲ್ಲೂ ಪದ ಶಾಮರ್.