ಬಂಡೆ ಮೇಲೆ ಕಾಫಿ ಬೀಜ ತುಂಬಿದ ಹಿಕ್ಕೆ: ಇದು ಯಾವ ಪ್ರಾಣಿಯದು?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಕಡೆ ಅರೇಬಿಕಾ ತೋಟ, ಡಿಸೆಂಬರ್ ಕೊಯ್ಲು ನಡೀತಿದೆ, ಕೆರೆ ಏರಿಯ ಒಂದೇ ಬಂಡೆಯ ಮೇಲೆ ಮತ್ತೆ ಮತ್ತೆ ಬೀಜ ತುಂಬಿದ ಹಿಕ್ಕೆ ಕಾಣುತ್ತಿದೆ. ಚಿರತೆ ಇರಬಹುದಾ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಅನ್ನೋ ಭಯ. ಜೊತೆಗೆ, ಆ ಬೀಜ ಮಾರಬಹುದಾ ಅಂತಲೂ ಕೇಳಿದ್ದೀರಿ.

ಚಿರತೆ ಅಲ್ಲ, ಕಬ್ಬೆಕ್ಕು (ಇಂಗ್ಲಿಷಿನಲ್ಲಿ ಪಾಮ್ ಸಿವೆಟ್). ನಮ್ಮ ಮೂಡಿಗೆರೆ ಕಡೆ ತೋಟದಲ್ಲೂ ಹಣ್ಣು ಕೆಂಪಾಗುವ ಹೊತ್ತಿಗೆ ಇದರ ಹಿಕ್ಕೆ ಶುರುವಾಗುತ್ತದೆ.

ಹಿಕ್ಕೆ ಕಂಡಾಗ ಎಲ್ಲರೂ ಮೊದಲು ನೋಡೋದು ಆಕಾರ. ಆದರೆ ಆಕಾರ ನಂಬುವ ಹಾಗಿಲ್ಲ. ಮಳೆ ಬಿದ್ದರೆ ಕರಗುತ್ತದೆ, ಸಗಣಿಹುಳು ಬಂದರೆ ಚೂರಾಗುತ್ತದೆ. ಎಲ್ಲಿ ಹಾಕಿದೆ, ಒಳಗೆ ಏನಿದೆ ಅನ್ನೋದನ್ನು ಮೊದಲು ನೋಡಿ. ಕಬ್ಬೆಕ್ಕಿಗೆ ಎತ್ತರದ, ಎದ್ದು ಕಾಣುವ ಜಾಗ ಬೇಕು. ಬಂಡೆ, ಬಿದ್ದ ಮರದ ದಿಮ್ಮಿ, ಕಾಂಪೌಂಡ್ ಗೋಡೆಯ ತಲೆ, ಕೆಲವು ಸಲ ಮನೆಯ ಮಾಡು. ಬೇರೆ ಕಬ್ಬೆಕ್ಕುಗಳಿಗೆ ವಾಸನೆಯಲ್ಲೇ ಸುದ್ದಿ ಮುಟ್ಟಿಸುವ ಜಾಗ ಅದು. ಅದಕ್ಕೇ ಅದೇ ಬಂಡೆಗೆ ಮತ್ತೆ ಬರುತ್ತದೆ.

ಇನ್ನು ಒಳಗಿನ ಬೀಜ. ಕಬ್ಬೆಕ್ಕು ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿ ತಿನ್ನುತ್ತದೆ. ಹಣ್ಣಿನ ಸಿಹಿ ಭಾಗ ಹೊಟ್ಟೆಯಲ್ಲಿ ಕರಗುತ್ತದೆ. ಪಾರ್ಚ್‌ಮೆಂಟ್ (ಬೀಜದ ಮೇಲಿನ ಗಟ್ಟಿ ಹೊಟ್ಟು) ಸಮೇತ ಬೀಜ ಹಾಗೇ ಹೊರಗೆ ಬರುತ್ತದೆ, ಒಂದಕ್ಕೊಂದು ಅಂಟಿಕೊಂಡು ಥೇಟ್ ಶೇಂಗಾ ಚಿಕ್ಕಿಯ ಹಾಗೆ. ಗಬ್ಬು ವಾಸನೆಯೂ ಅಷ್ಟಾಗಿ ಇರೋದಿಲ್ಲ. ಕಾಫಿ ಮುಗಿದ ಮೇಲೆ ಅದೇ ಬಂಡೆ ನೋಡಿ, ಬಗನಿ ಬೀಜ, ಅತ್ತಿ ಜಾತಿಯ ಹಣ್ಣುಗಳ ಸಣ್ಣ ಬೀಜ ಸಿಗಬಹುದು. ಬಗನಿ ಹಣ್ಣು ನಾವು ಮುಟ್ಟಿದರೆ ಕೈಯೆಲ್ಲ ತುರಿಕೆ. ಅದಕ್ಕೆ ಏನೂ ಆಗೋದಿಲ್ಲ, ಏನು ಗಂಟಲೋ!

ಚಿರತೆಯದು ಪೂರ್ತಿ ಬೇರೆ. ಅದು ಹಣ್ಣು ತಿಂದು ಬದುಕುವ ಪ್ರಾಣಿ ಅಲ್ಲ. ಹಿಕ್ಕೆಯ ತುಂಬ ಕೂದಲು, ಮೂಳೆ ಚೂರು, ಒಮ್ಮೊಮ್ಮೆ ಗೊರಸಿನ ತುಂಡು. ಎರಡು ಮೂರು ಸೆಂಟಿಮೀಟರ್ ದಪ್ಪ, ತುಂಡು ತುಂಡಾಗಿ ಬಿದ್ದಿರುತ್ತದೆ. ಹಸಿ ಇದ್ದಾಗ ತಡೆಯಲಾರದ ನಾತ. ಮೂಳೆಯ ಸುಣ್ಣದ ಅಂಶದಿಂದ ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಸಾಮಾನ್ಯವಾಗಿ ದಾರಿಯಲ್ಲೇ ಸಿಗುತ್ತದೆ, ಪಕ್ಕದಲ್ಲಿ ಕಾಲಿನಿಂದ ನೆಲ ಕೆರೆದ ಗುರುತೂ ಇರಬಹುದು.

ನಿಜವಾಗಿ ಗೊಂದಲ ಮಾಡೋದು ನರಿ. ಅದೂ ಕಾಫಿ ಹಣ್ಣು ತಿನ್ನುತ್ತದೆ. ಆದರೆ ನರಿಯ ಹಿಕ್ಕೆಯಲ್ಲಿ ಬೀಜದ ಜೊತೆ ಕೂದಲು, ಮೂಳೆ ಬೆರೆತಿರೋದು ಜಾಸ್ತಿ. ತುದಿ ತಿರುಚಿಕೊಂಡು ಚೂಪಾಗಿರುತ್ತದೆ. ಪುನುಗಿನ ಬೆಕ್ಕೂ ಒಂದೇ ಕಡೆ ಹಾಕುವ ಪ್ರಾಣಿಯೇ, ಆದರೆ ಅದು ನೆಲದ ಮೇಲೇ ಹೆಚ್ಚು ಓಡಾಡುತ್ತದೆ, ಇಲಿ, ಹುಳ ಜಾಸ್ತಿ ತಿನ್ನುತ್ತದೆ. ರಾತ್ರಿ ಟಾರ್ಚ್ ಬೆಳಕಿಗೆ ಸಿಕ್ಕರೆ ಬಾಲ ನೋಡಿ. ಬಾಲಕ್ಕೆ ಉಂಗುರದ ಪಟ್ಟೆ ಇದ್ದರೆ ಪುನುಗು, ಇಲ್ಲದಿದ್ದರೆ ಕಬ್ಬೆಕ್ಕು. ಮೊಲ, ಕಾಡುಕುರಿ, ಮುಳ್ಳುಹಂದಿಯ ಹಿಕ್ಕೆ ನಿಮ್ಮ ವಿಷಯಕ್ಕೆ ಬರೋದೇ ಇಲ್ಲ. ಅವೆಲ್ಲ ಬರೀ ಸೊಪ್ಪು ನಾರಿನ ಗುಳಿಗೆಗಳು.

ಮಕ್ಕಳ ಬಗ್ಗೆ: ಕಬ್ಬೆಕ್ಕು ಎರಡರಿಂದ ಐದು ಕಿಲೋ ತೂಗುವ, ರಾತ್ರಿ ಓಡಾಡುವ ಪ್ರಾಣಿ. ಮಕ್ಕಳ ತಂಟೆಗೆ ಬರೋದಿಲ್ಲ. ಕೋಳಿಗೂಡಿನ ಬಾಗಿಲು ಮಾತ್ರ ಭದ್ರ ಮಾಡಿ. ಮಕ್ಕಳು ಹಿಕ್ಕೆ ಮುಟ್ಟದ ಹಾಗೆ ನೋಡಿಕೊಳ್ಳಿ, ಜಂತುಹುಳದ ಮೊಟ್ಟೆ ಇರಬಹುದು. ನೀವೂ ಕಡ್ಡಿಯಿಂದಲೇ ಕೆದಕಿ. ಇನ್ನೊಂದು, ಇದು ಹಿಕ್ಕೆಗಿಂತ ಮುಖ್ಯ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಅದು ಉಣುಗಿನಿಂದ ಬರೋದು. ತರಗೆಲೆಯಲ್ಲಿ ಕೂತು ಹುಡುಕಿದರೆ ಮನೆಗೆ ಬಂದು ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.

ಮಾರೋ ವಿಚಾರ. ಇಂಡೋನೇಷ್ಯಾದ ಲುವಾಕ್ ಕಾಫಿ ಇದೇ ಜಾತಿಯ ಪ್ರಾಣಿಯ ಹಿಕ್ಕೆಯಿಂದ ಬಂದದ್ದು. ಕೊಡಗಿನಲ್ಲೂ ಆರಿಸಿ ಮಾರುವವರಿದ್ದಾರೆ. ತೋಟದಲ್ಲಿ ಬಿದ್ದದ್ದನ್ನು ಆರಿಸಿ, ಚೆನ್ನಾಗಿ ತೊಳೆದು, ಒಣಗಿಸಿ, ಹುರಿದು ಮನೆಮಟ್ಟಿಗೆ ಕುಡಿದು ನೋಡಿ ಬೇಕಾದರೆ. ರುಚಿಯಲ್ಲಿ ಅಂಥ ವಿಶೇಷ ಏನೂ ನನಗೆ ಕಂಡಿಲ್ಲ. ಒಂದು ಬಂಡೆಯ ಬೀಜ ನಂಬಿ ವ್ಯಾಪಾರ ಆಗೋದೂ ಇಲ್ಲ. ಹಾಗಂತ ಬೋನು ಇಟ್ಟು ಹಿಡಿದು ಹಣ್ಣು ತಿನ್ನಿಸೋ ಯೋಚನೆ ಯಾರಾದರೂ ಕೊಟ್ಟರೆ ಕೇಳಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಮುಂದೆ ಯಾವತ್ತಾದರೂ ಕೂದಲು ಮೂಳೆ ಇರೋ ಹಿಕ್ಕೆ ಸಿಕ್ಕರೆ, ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆದು ಹಾಕಿ. ಅಳತೆ ಗೊತ್ತಾಗದೆ ಬರೀ ಫೋಟೋ ನೋಡಿ ಹೇಳೋದು ಕಷ್ಟ.